ಇಬ್ಬರು ಕಂಡಕ್ಟರುಗಳು, ಒಬ್ಬ ಮೂರ್ಛೆ ಹೋದವನು

ನಾನು ಡ್ರೈವರ್. ಕಂಡಕ್ಟರುಗಳ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಬರಬೇಕಾದರೆ ಸ್ವಲ್ಪ ಹೊತ್ತು ಕಾಯಬೇಕು. ಊರಿನಲ್ಲಿ ಮೂಡುಬಿದಿರೆ ಲೈನಿನ ಖಾಸಗಿ ಬಸ್ಸು ಓಡಿಸುತ್ತಿದ್ದಾಗ, ಬೆನ್ನ ಹಿಂದಿನಿಂದ ಒಂದು ಸೀಟಿ ಕೇಳಿದರೆ ನಿಲ್ಲಿಸಬೇಕು, ಎರಡು ಕೇಳಿದರೆ ಹೊರಡಬೇಕು. ನನ್ನ ಬಾಳೆಲ್ಲ ಇನ್ನೊಬ್ಬನ ಬಾಯಲ್ಲಿದ್ದ ಸೀಟಿಯ ಮೇಲೆ ನಡೆಯಿತು. ತಡವಾದರೆ ಬೈಗುಳ ಮಾತ್ರ ನನಗೆ. ದುಬೈಗೆ ಬಂದು ಕಂಪೆನಿ ಬಸ್ಸಿನ ಸ್ಟಿಯರಿಂಗ್ ಹಿಡಿದಾಗ ನನಗಾದ ದೊಡ್ಡ ಸಂತೋಷ ಸಂಬಳದ್ದಲ್ಲ, ಈ ಬಸ್ಸಿಗೆ ಕಂಡಕ್ಟರ್ ಎಂಬ ಪ್ರಾಣಿ ಇಲ್ಲವಲ್ಲ ಎಂಬುದು.

ಆ ಸಂತೋಷಕ್ಕೆ ಕಲ್ಲು ಹಾಕಿದವನು ಧರ್ಮಪಾಲ.

ದುಬೈಗೆ ಎಕ್ಸ್‌ಪೋ ಎಂಬ ವಿಶ್ವಮೇಳ ಸಿಕ್ಕಿದ ಹೊಸತು. ಊರೆಲ್ಲ ಕಟ್ಟಡ ಎದ್ದೇಳುವುದಂತೆ, ಒಂದೊಂದು ಕಟ್ಟಡದ ಬಾಗಿಲಿಗೂ ಒಬ್ಬ ಗಾರ್ಡ್ ಬೇಕಂತೆ ಎಂದು ಸೆಕ್ಯುರಿಟಿ ಕಂಪೆನಿಗಳು ಕಂಡಕಂಡ ದೇಶಗಳಿಂದ ಜನರನ್ನು ತರಿಸುತ್ತಿದ್ದ ಕಾಲ. ನಮ್ಮ ಕಂಪೆನಿಯ ತರಬೇತಿ ಕೇಂದ್ರ ಇದ್ದದ್ದು ಅಲ್ ಕುಸೈಸ್‌ನ ಗೋದಾಮುಗಳ ಸಾಲಿನಲ್ಲಿ. ಕ್ಯಾಂಪಿನಿಂದ ಹೊಸಬರನ್ನು ಬೆಳಿಗ್ಗೆ ತಂದು, ಸಂಜೆ ವಾಪಸ್ ಬಿಡುವುದು ನನ್ನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಬೆಂಕಿ ಬಿದ್ದಾಗ ಜನರನ್ನು ಹೊರಗೆ ಕಳಿಸುವ ಅಭ್ಯಾಸಕ್ಕೆ ‘ಜನರು’ ಬೇಕಲ್ಲ, ಅದಕ್ಕೆ ಅಡುಗೆಯವರನ್ನು, ಕಸ ಗುಡಿಸುವವರನ್ನು, ನನ್ನನ್ನು ಸೇರಿಸಿಕೊಳ್ಳುತ್ತಿದ್ದರು. ನನ್ನ ಹೊಟ್ಟೆ ನೋಡಿದ ತರಬೇತಿ ಮುಖ್ಯಸ್ಥ ಕ್ಯಾಪ್ಟನ್ ಸಾಹೇಬರು ಮೊದಲ ದಿನವೇ ನನಗೊಂದು ಖಾಯಂ ಪಾತ್ರ ಕೊಟ್ಟರು: ಮೂರ್ಛೆ ಹೋದವನು. ಈ ಅಬ್ದುಲ್ ರವೂಫನನ್ನು ಎತ್ತಿದವರು ಯಾರನ್ನು ಬೇಕಾದರೂ ಎತ್ತಬಲ್ಲರು ಎಂಬುದು ಅವರ ಲೆಕ್ಕ.

ಕ್ಯಾಪ್ಟನ್ ಇದ್ರೀಸ್ ಸುಡಾನಿನವರು, ಅಲ್ಲಿ ಪೊಲೀಸ್ ಕೆಲಸ ಮಾಡಿ ನಿವೃತ್ತರಾದವರು. ಅವರ ತಲೆನೋವು ಒಂದೇ. ಬಂದ ಜನ ಬಂದಂತೆಯೇ, ದೇಶಕ್ಕೊಂದು ಗುಂಪಾಗಿ ಉಳಿಯುತ್ತಿದ್ದರು. ಅಡುಗೆಗೆ ಮಲಯಾಳಿಗಳಿಗೆ ಒಂದು ಪಾತ್ರೆ, ನೇಪಾಳಿಗಳಿಗೆ ಒಂದು ಪಾತ್ರೆ, ಪಾಕಿಸ್ತಾನದವರಿಗೆ ಒಂದು, ಕೀನ್ಯಾದವರಿಗೆ ಒಂದು. ಬಸ್ಸಿನಲ್ಲೂ ಹಾಗೆಯೇ, ಪಕ್ಕದ ಸೀಟು ಖಾಲಿಯಿದ್ದರೂ ತಮ್ಮವರ ಮಡಿಲಲ್ಲಿ ಹೋಗಿ ಕೂರುವವರು. ಒಂದು ದಿನ ಸಾಹೇಬರಿಗೆ ರೇಗಿತು.

“ಶಾಪಿಂಗ್ ಮಾಲ್‌ಗೆ ಬೆಂಕಿ ಬಿದ್ದರೆ ಪಾಸ್‌ಪೋರ್ಟ್ ನೋಡಿ ಜನರನ್ನು ಹೊರಗೆ ಬಿಡುತ್ತೀರಾ? ಖಲಾಸ್! ಇವತ್ತಿನಿಂದ ಜೋಡಿ. ಬೇರೆ ಬೇರೆ ದೇಶದ ಇಬ್ಬಿಬ್ಬರು. ಒಂದೇ ಕೋಣೆ, ಒಂದೇ ಮೇಜು, ಒಂದೇ ಪರೀಕ್ಷೆ. ಪಾಸಾದರೆ ಇಬ್ಬರೂ ಪಾಸ್, ಫೇಲಾದರೆ ಇಬ್ಬರೂ ಫೇಲ್. ಎರಡು ಸಲ ಫೇಲಾದವರಿಗೆ ಊರಿನ ಟಿಕೆಟ್.”

ಹಾಗೆ ಬೆಳ್ಮಣ್ಣಿನ ಧರ್ಮಪಾಲನಿಗೆ ನೈರೋಬಿಯ ಗಿಟೊಂಗಾ ಜೋಡಿಯಾದ.

ಧರ್ಮಪಾಲ ತನ್ನ ಬಯೋಡೇಟಾದಲ್ಲಿ ‘ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್’ ಎಂದು ಬರೆಸಿದ್ದ. ನನ್ನ ಮುಂದೆ ಆ ಆಟ ನಡೆಯಲಿಲ್ಲ. ಕೆಫೆಟೇರಿಯಾದಲ್ಲಿ ಚಹಾ ಕುಡಿಯುವಾಗ ಅವನು ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡದ್ದು ಕಂಡ ಕೂಡಲೇ ನನ್ನ ಮೈ ಉರಿಯಿತು.

“ಯಾವ ಲೈನು?” ಎಂದು ಮೆಲ್ಲಗೆ ಕೇಳಿದೆ.

ಅವನು ಆಚೀಚೆ ನೋಡಿದ. “ಕಾರ್ಕಳ–ಪಡುಬಿದ್ರಿ. ಎಕ್ಸ್‌ಪ್ರೆಸ್. ರವೂಫಾಕ, ಯಾರಿಗೂ ಹೇಳ್ಬೇಡಿ ಆಯ್ತಾ. ಮರ್ಯಾದೆ ಪ್ರಶ್ನೆ ಉಂಟು.”

ಮರ್ಯಾದೆಯ ಪ್ರಶ್ನೆ ಹೀಗೆ. ಅವನು ಹೆಂಡತಿ ಶರ್ಮಿಳಾಗೆ ಹೇಳಿದ್ದು “ಸೆಕ್ಯುರಿಟಿ, ಪೊಲೀಸರ ಹಾಗೆಯೇ ಟ್ರೈನಿಂಗ್” ಎಂದು. ಶರ್ಮಿಳಾ ನೆರೆಮನೆಗೆ ಹೇಳಿದ್ದು “ಪೊಲೀಸರ ಹಾಗೆ” ಎಂದು. ಊರಿನ ಯುವಕ ಸಂಘದವರು ‘ಹಾಗೆ’ಯನ್ನು ತೆಗೆದುಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಬಿಟ್ಟರು: ‘ದುಬೈ ಪೊಲೀಸ್ ಪಡೆಗೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಧರ್ಮಪಾಲಣ್ಣನಿಗೆ ಹಾರ್ದಿಕ ಅಭಿನಂದನೆಗಳು’. ಅದರಲ್ಲಿ ಧರ್ಮಪಾಲನ ತಲೆಗಿಂತ ಸಂಘದ ಅಧ್ಯಕ್ಷರ ತಲೆ ದೊಡ್ಡದಿತ್ತು, ಅದು ಬೇರೆ ವಿಷಯ. ಈಗ ಫೇಲಾಗಿ ಊರಿಗೆ ಹೋದರೆ ಬಸ್ಸಿನಿಂದ ಇಳಿಯಬೇಕಾದ್ದು ಆ ಫ್ಲೆಕ್ಸಿನ ಬುಡದಲ್ಲೇ.

“ಅಂಥದ್ರಲ್ಲಿ ನನ್ನನ್ನು ಈ ಆಫ್ರಿಕಾದವನ ಒಟ್ಟಿಗೆ ಹಾಕಿದ್ದಾರೆ. ಇವನ ಬಣ್ಣ ನೋಡಿದ್ರಾ? ಕರೆಂಟ್ ಹೋದ್ರೆ ಹುಡುಕ್ಲಿಕ್ಕೆ ಟಾರ್ಚ್ ಬೇಕು.”

“ನಿಮ್ಮ ಮನೆಯಲ್ಲಿ ಕನ್ನಡಿ ಇರ್ಲಿಲ್ವಾ ಮಾರಾಯ?”

“ನಾನು ಬಿಸಿಲಿಗೆ ಕಪ್ಪಾದದ್ದು. ಅದು ಬೇರೆ.”

ಗಿಟೊಂಗಾನ ದೂರು ಇನ್ನೂ ಚೆಂದ. ಅವನು ಡ್ರೈವರ್ ಸೀಟಿನ ಹಿಂದೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ, “ನಮ್ಮ ನೈರೋಬಿಯಲ್ಲಿ ಇಂಡಿಯಾದವರೆಂದರೆ ಅಂಗಡಿ ಮಾಲೀಕರು. ಗಲ್ಲಾಪೆಟ್ಟಿಗೆ ಬಿಟ್ಟು ಏಳುವವರಲ್ಲ. ಅಂಥ ಜಾತಿಯವನೊಬ್ಬ ನನ್ನ ಪಕ್ಕದ ಮಂಚದಲ್ಲಿ ಮಲಗಿದ್ದಾನೆ ಎಂದರೆ ಏನೋ ಮಸಲತ್ತು ಇದೆ. ಇವನು ಕಂಪೆನಿಯ ಗೂಢಚಾರ.” ಧರ್ಮಪಾಲ ತಲೆಗೆ ಹಚ್ಚುವ ತೆಂಗಿನೆಣ್ಣೆಯ ವಾಸನೆಗೆ ತನ್ನ ನಿದ್ದೆ ಹಾಳಾಗುತ್ತದೆಂದೂ ಹೇಳಿದ.

ಕೋಣೆಯಲ್ಲಿ ಎ.ಸಿ.ಯ ಗುಂಡಿ ಗಿಟೊಂಗಾನ ಮಂಚದ ಕಡೆಗಿತ್ತು, ಲೈಟಿನ ಸ್ವಿಚ್ಚು ಧರ್ಮಪಾಲನ ಮಂಚದ ಕಡೆಗಿತ್ತು. ಅವನು ಚಳಿ ಹೆಚ್ಚಿಸುವುದು, ಇವನು ಲೈಟ್ ಹಾಕುವುದು. ಬೆಳಿಗ್ಗೆ ಇಬ್ಬರೂ ಕೆಂಪು ಕಣ್ಣು ಬಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು, ಒಬ್ಬ ಮೂಗು ಸೋರಿಸುತ್ತ, ಇನ್ನೊಬ್ಬ ಆಕಳಿಸುತ್ತ.

ಮೊದಲ ಪರೀಕ್ಷೆ ಬಂತು. ತರಬೇತಿ ಹಾಲ್‌ನಲ್ಲಿ ಜನ ಕೂತಿರುತ್ತಾರೆ, ಯಂತ್ರದಿಂದ ಹೊಗೆ ಬಿಡುತ್ತಾರೆ, ಗಂಟೆ ಹೊಡೆಯುತ್ತದೆ. ಮುಂದಿನ ಬಾಗಿಲಲ್ಲಿ ಒಬ್ಬ ಗಾರ್ಡ್, ಹಿಂದಿನ ಬಾಗಿಲಲ್ಲಿ ಇನ್ನೊಬ್ಬ. ಜನರನ್ನು ಹೊರಗೆ ಕಳಿಸಿ ಅಂಗಳದಲ್ಲಿ ಸೇರಿಸಬೇಕು, ಆಮೇಲೆ ಮೂರ್ಛೆ ಹೋದವನನ್ನು ಎತ್ತಿಕೊಂಡು ಹೋಗಬೇಕು. ಇದಕ್ಕಿಂತ ಸುಲಭದ ಪರೀಕ್ಷೆ ಲೋಕದಲ್ಲಿಲ್ಲ. ನಾನು ಮೇಜಿನ ಪಕ್ಕ ಮಲಗಿ, ಒಂದು ಕಣ್ಣು ತೆರೆದು ನೋಡುತ್ತಿದ್ದೆ.

ಗಂಟೆ ಹೊಡೆಯಿತು. ಜನ ಎದ್ದು ಮುಂದಿನ ಬಾಗಿಲಿಗೆ ನುಗ್ಗಿದರು. ನುಗ್ಗುವ ಜನವನ್ನು ಕಂಡದ್ದೇ ತಡ, ಧರ್ಮಪಾಲನ ತಲೆಯಲ್ಲಿದ್ದ ಟ್ರೈನಿಂಗೆಲ್ಲ ಇಳಿದುಹೋಯಿತು. ಅವನು ಒಂದು ಸೀಟಿ ಊದಿ, ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಚೌಕಟ್ಟು ಹಿಡಿದು, ಅರ್ಧ ಮೈ ಹೊರಗೆ ಜೋತಾಡಿಸಿ ಕೂಗಿದ, “ಒಳಗೆ ಹೋಗಿ, ಒಳಗೆ ಹೋಗಿ! ನಡುವಲ್ಲಿ ಜಾಗ ಉಂಟು! ದುಂಬು ಪೋಲೆ, ಮುಂದೆ ಹೋಗಿ!”

ಹೊರಗೆ ಹೊರಟವರು ಗಾಬರಿಯಾಗಿ ಒಳಗೆ ಬಂದರು. ಹಿಂದಿನ ಬಾಗಿಲಿಗೆ ಓಡಿದರು. ಅಲ್ಲಿ ಗಿಟೊಂಗಾ ಬಾಗಿಲ ಹಲಗೆಗೆ ಅಂಗೈಯಿಂದ ಪಟಪಟ ಬಡಿಯುತ್ತ, “ಸೊಂಗಾ! ಸೊಂಗಾ!” ಎಂದು, ಅಂದರೆ ಸರಿಯಿರಿ ಸರಿಯಿರಿ ಎಂದು, ಭುಜ ಕೊಟ್ಟು ಅವರನ್ನು ಒಳಕ್ಕೆ ಒತ್ತುತ್ತಿದ್ದ. ಸಾಲದೆಂದು ಕಾರಿಡಾರಿನಲ್ಲಿ ಸುಮ್ಮನೆ ಹೋಗುತ್ತಿದ್ದ ಎ.ಸಿ. ಮೆಕ್ಯಾನಿಕ್‌ನನ್ನೂ ರಟ್ಟೆ ಹಿಡಿದು ಹತ್ತಿಸಿಕೊಂಡ. ಏನಾಗುತ್ತಿದೆ ಎಂದು ನೋಡಲು ಬಂದ ಕ್ಯಾಪ್ಟನ್ ಸಾಹೇಬರು ಕೊನೆಗೆ ಇಬ್ಬರು ನೇಪಾಳಿಗಳ ನಡುವೆ ಸಿಕ್ಕಿಕೊಂಡು, ಮೇಲೆ ಹಾದುಹೋದ ನೀರಿನ ಪೈಪ್ ಹಿಡಿದು ನಿಂತಿದ್ದರು. ನನ್ನ ಹೊಟ್ಟೆಯ ಮೇಲೆ ಎಷ್ಟು ಜನ ನಿಂತಿದ್ದರೋ ದೇವರೇ ಬಲ್ಲ.

ಇಬ್ಬರೂ ಫೇಲ್.

ಸಂಜೆ ಬಸ್ಸಿನಲ್ಲಿ ಜಗಳವೋ ಜಗಳ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಆದರೆ ಬೈಯಲು ಸಾಕಾಗುತ್ತಿತ್ತು. “ನಿನ್ನಿಂದ ಆದದ್ದು” ಎಂದು ಅವನು, “ನಿನ್ನಿಂದ ಆದದ್ದು” ಎಂದು ಇವನು. ಗಿಟೊಂಗಾ ಕೋಪದಲ್ಲಿ ಕೂರಲೂ ಇಲ್ಲ, ಬಾಗಿಲ ಮೆಟ್ಟಿಲಲ್ಲೇ ನಿಂತ. ನಾನು ಒಳಗೆ ಬಾ ಎಂದೆ. ಅವನು ಬರಲಿಲ್ಲ, ಬಸ್ಸಿನ ತಗಡಿಗೆ ಹೊರಗಿನಿಂದ ಎರಡು ಬಾರಿ ಬಡಿದ. ಹೊರಡು ಎಂದರ್ಥ. ಯಾವ ಭಾಷೆಯಲ್ಲಿ ಬಡಿದರೂ ಡ್ರೈವರನಿಗೆ ಅದು ಅರ್ಥವಾಗುತ್ತದೆ.

ಧರ್ಮಪಾಲ ಬೈಯುವುದನ್ನು ನಿಲ್ಲಿಸಿದ. ಅವನು ಗಿಟೊಂಗಾನ ಕಾಲು ನೋಡುತ್ತಿದ್ದ. ಮೆಟ್ಟಿಲಿನ ಮೇಲೆ ಹೆಬ್ಬೆರಳು ಮಾತ್ರ, ಹಿಮ್ಮಡಿ ಗಾಳಿಯಲ್ಲಿ. ಸರಳು ಹಿಡಿದದ್ದು ಎರಡು ಬೆರಳಲ್ಲಿ. ಬೆನ್ನು ಗಾಳಿಗೆ, ಮುಖ ಸೀಟುಗಳಿಗೆ. ಯಾವ ಟ್ರೈನಿಂಗಿನಲ್ಲೂ ಆ ನಿಲುವನ್ನು ಕಲಿಸುವುದಿಲ್ಲ.

ಅವನು ಮೆಲ್ಲಗೆ ಜೇಬಿನಿಂದ ಸೀಟಿ ತೆಗೆದು ಎರಡು ಊದಿದ. ನನ್ನ ಕಾಲು ತಾನಾಗಿ ಕ್ಲಚ್ ತುಳಿಯಿತು, ಬಸ್ಸು ಹೊರಟಿತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

“ನೀನು?” ಎಂದ ಗಿಟೊಂಗಾ.

“ಎಕ್ಸ್‌ಪ್ರೆಸ್. ಕಾರ್ಕಳ–ಪಡುಬಿದ್ರಿ. ನೀನು?”

“ಮತಾಟು!” ಎಂದು ಗಿಟೊಂಗಾ ಎದೆ ತಟ್ಟಿಕೊಂಡ. ಮತಾಟು ಎಂದರೆ ಅವರೂರಿನ ಮಿನಿಬಸ್ಸು. ‘ಲಾಜಿಸ್ಟಿಕ್ಸ್ ಆಫೀಸರ್’ ಎಂದು ಬಯೋಡೇಟಾದಲ್ಲಿ ಬರೆಸಿದ್ದವನು ನೈರೋಬಿಯ ಮಿನಿಬಸ್ಸಿನ ಬಾಗಿಲಲ್ಲಿ ಜೋತಾಡುತ್ತಿದ್ದ ಕಂಡಕ್ಟರ್. ಇಬ್ಬರೂ ಹೆರಿಗೆ ಆಸ್ಪತ್ರೆಯಲ್ಲಿ ತಪ್ಪಿಹೋದ ಅಣ್ಣತಮ್ಮಂದಿರಂತೆ ಅಪ್ಪಿಕೊಂಡರು.

ಅಲ್ಲಿಂದ ನನ್ನ ಕಷ್ಟಕಾಲ ಆರಂಭ. ಅವರು ಮಾತಾಡಿದ್ದೇ ಮಾತಾಡಿದ್ದು. ಬಸ್ಸು ಎಂಬುದು ಯಾವತ್ತೂ ಭರ್ತಿಯಾಗುವುದಿಲ್ಲ ಎಂಬುದರಲ್ಲಿ ಇಬ್ಬರದೂ ಒಮ್ಮತ. ಟಿಕೆಟ್ ತಪ್ಪಿಸಲು ನಿದ್ದೆ ಬಂದಂತೆ ನಟಿಸುವವನ ರೆಪ್ಪೆ ಎರಡೂ ಖಂಡಗಳಲ್ಲಿ ಒಂದೇ ರೀತಿ ಅದುರುತ್ತದಂತೆ. ಡ್ರೈವರುಗಳಿಗೆ ಬುದ್ಧಿ ಇಲ್ಲ ಎಂಬುದನ್ನು ಅವರು ನನ್ನ ಬೆನ್ನ ಹಿಂದೆಯೇ ಕೂತು, ನಾನು ಓಡಿಸುವ ಬಸ್ಸಿನಲ್ಲಿ, ಉದಾಹರಣೆ ಸಮೇತ ಚರ್ಚಿಸಿದರು. ಕೋಣೆಯಲ್ಲಿ ಲೈಟು–ಎ.ಸಿ. ಜಗಳ ಮುಗಿಯಿತು. ಗಿಟೊಂಗಾ ತನ್ನ ಬೋಳುತಲೆಗೆ ತೆಂಗಿನೆಣ್ಣೆ ಹಚ್ಚತೊಡಗಿದ.

ಖಾಲಿ ಸೀಟು ಕಂಡರೆ ಕಂಡಕ್ಟರಿಗೆ ಹೊಟ್ಟೆನೋವು ಬರುತ್ತದೆ. ಇಬ್ಬರಿಗೆ ಒಟ್ಟಿಗೆ ಬಂದರೆ ಕೇಳಬೇಕೆ? “ಏಯ್, ಅಲ್ಲಿ ಜಾಗ ಉಂಟು, ಕೂತ್ಕೊಳ್ಳಿ!” ಎಂದು ಮಲಯಾಳಿಯನ್ನು ಉಗಾಂಡದವನ ಪಕ್ಕ ಕೂರಿಸಿದರು, ಪಾಕಿಸ್ತಾನದವನನ್ನು ನೇಪಾಳಿಯ ಪಕ್ಕ ಒತ್ತಿದರು. ಬ್ಯಾಗನ್ನು ಸೀಟಿನಲ್ಲಿಟ್ಟವರಲ್ಲಿ ಬ್ಯಾಗಿಗೂ ಟಿಕೆಟ್ ಕೇಳಿದರು. ಒಂದು ವಾರದಲ್ಲಿ ಬಸ್ಸಿನಲ್ಲಿ ಯಾರು ಯಾವ ದೇಶದವರೆಂದು ಬೆನ್ನು ನೋಡಿ ಹೇಳುವುದು ಕಷ್ಟವಾಯಿತು. ಕ್ಯಾಪ್ಟನ್ ಸಾಹೇಬರ ಭಾಷಣದಿಂದ ಆಗದ ಕೆಲಸ ಇವರ ಹೊಟ್ಟೆನೋವಿನಿಂದ ಆಯಿತು.

ಆದರೆ ಪರೀಕ್ಷೆಯ ವಿಷಯದಲ್ಲಿ ಸ್ನೇಹದಿಂದ ಅನರ್ಥವೇ ಆಯಿತು. ಮೊದಲು ಒಬ್ಬೊಬ್ಬರೇ ಜನ ತುಂಬಿಸುತ್ತಿದ್ದರು, ಈಗ ಒಗ್ಗಟ್ಟಿನಿಂದ ತುಂಬಿಸತೊಡಗಿದರು. ಪ್ರತಿ ಅಭ್ಯಾಸದಲ್ಲೂ ಗಂಟೆ ಹೊಡೆದರೆ ಸಾಕು, ಕೈಕಾಲು ಹಳೆಯ ಕೆಲಸಕ್ಕೆ ಓಡುತ್ತಿತ್ತು. ಎರಡನೆಯ ಪರೀಕ್ಷೆಯ ಹಿಂದಿನ ದಿನ ಧರ್ಮಪಾಲ ಬಸ್ಸಿನ ಮೆಟ್ಟಿಲಲ್ಲಿ ಕೂತು ಅಳುವಂತಾದ.

“ನಾನು ಊರಿಗೆ ಹೋದ್ರೆ ಫ್ಲೆಕ್ಸಿನ ಕೆಳಗೆ ಇಳೀಬೇಕು ರವೂಫಾಕ. ಅದಾದ್ರೂ ಆಗ್ಲಿ. ಇವನನ್ನೂ ನಾನೇ ಮುಳುಗಿಸ್ತೇನಲ್ಲ, ಅದನ್ನು ತಡ್ಕೊಳ್ಳಿಕ್ಕೆ ಆಗುದಿಲ್ಲ.”

ಆ ಮಾತು ಕೇಳಿ ನನಗೆ ಸಂಕಟವಾಯಿತು. ಕಂಡಕ್ಟರ್ ಒಬ್ಬನಿಗಾಗಿ ಸಂಕಟಪಟ್ಟದ್ದು ಅದೇ ಮೊದಲು.

ಗಿಟೊಂಗಾ ಅಂಗಳ ನೋಡುತ್ತ ಕೂತಿದ್ದ. ಅಲ್ಲಿ ಜನ ಸೇರಬೇಕಾದ ಜಾಗಕ್ಕೆ ಹಳದಿ ಬಣ್ಣದಲ್ಲಿ ಒಂದು ಚೌಕ ಬರೆದಿದ್ದರು. ಅವನು ಇದ್ದಕ್ಕಿದ್ದಂತೆ ಎದ್ದುನಿಂತ. “ನಾವು ಇಷ್ಟು ದಿನ ಹಾಲ್ ಅನ್ನು ಬಸ್ಸು ಎಂದುಕೊಂಡಿದ್ದೇವೆ. ಹಾಲ್ ಬಸ್ಸಲ್ಲ ಧರ್ಮಾ, ಹಾಲ್ ಬಸ್‌ಸ್ಟ್ಯಾಂಡ್. ಬಸ್ಸು ಇರುವುದು ಇಲ್ಲಿ!”

ಧರ್ಮಪಾಲ ಚೌಕವನ್ನು ನೋಡಿದ. ಅದರ ಉದ್ದ ನೋಡಿದ, ಅಗಲ ನೋಡಿದ. ಅವನ ಮುಖಕ್ಕೆ ಕಳೆ ಬಂತು. “ಹಿಂದಿನಿಂದ ಪೈಪೋಟಿಯ ಇನ್ನೊಂದು ಬಸ್ಸು ಬರ್ತಾ ಉಂಟು ಅಂತ ತಿಳ್ಕೊಳ್ಳುವ. ಆಗ ಬೇಗ ಆಗ್ತದೆ.”

ಮರುದಿನ ಪರೀಕ್ಷೆಗೆ ಲೈಸೆನ್ಸ್ ಕೊಡುವ ಇಲಾಖೆಯಿಂದ ಒಬ್ಬ ಮೇಡಂ ಬಂದರು. ಇದೇ ದೇಶದವರು, ಸಣ್ಣ ಪ್ರಾಯ, ನಗುವಿನ ಸುಳಿವೇ ಇಲ್ಲದ ಮುಖ. ಅವರು ಕೈಗಡಿಯಾರ ನೋಡುತ್ತ ಅಂಗಳದಲ್ಲಿ ನಿಂತರು. ನಾನು ಕಿಟಕಿ ಕಾಣುವ ಹಾಗೆ ಒಳ್ಳೆಯ ಜಾಗ ನೋಡಿ ಮೂರ್ಛೆ ಹೋದೆ.

ಗಂಟೆ ಹೊಡೆಯಿತು. ಇಬ್ಬರೂ ಎರಡು ಬಾಗಿಲು ತೆರೆದಿಟ್ಟು ನೇರವಾಗಿ ಹಳದಿ ಚೌಕಕ್ಕೆ ಓಡಿದರು. ಅಲ್ಲಿಂದ ಶುರುವಾಯಿತು ನೋಡಿ.

“ಕಾರ್ಕಳ ಕಾರ್ಕಳ ಕಾರ್ಕಳ! ಬನ್ನಿ ಬನ್ನಿ, ಈಗ ಹೊರಡುದು, ಈಗ ಹೊರಡುದು!”

“ಬೇಬಾ ಬೇಬಾ ಬೇಬಾ! ಟೌನ್ ಟೌನ್ ಟೌನ್!” ಎಂದು ಗಿಟೊಂಗಾನ ಮತಾಟು ಕೂಗು.

ಬೆಂಕಿಗೆ ಹೆದರಿ ಓಡದ ಮನುಷ್ಯ ಹೊರಡುವ ಬಸ್ಸಿಗೆ ಓಡುತ್ತಾನೆ. ಅಭ್ಯಾಸದಲ್ಲಿ ಕಾಲೆಳೆಯುತ್ತಿದ್ದ ಅಡುಗೆಯವರು ಕೂಡ ಚಪ್ಪಲಿ ಬಿಟ್ಟು ಓಡಿದರು. ಹಾಲ್ ಕ್ಷಣದಲ್ಲಿ ಖಾಲಿ. ಪಕ್ಕದ ಗೋದಾಮಿನ ಪ್ಯಾಕಿಂಗಿನವರು ಬಂದರು, ಹೆಲ್ಮೆಟ್ ಹಾಕಿಕೊಂಡೇ ಒಬ್ಬ ಪಿಜ್ಜಾದವನು ಬಂದ. ಯಾರನ್ನೂ ಇವರು ಬಿಡಲಿಲ್ಲ. ಮೇಡಂ ಪಕ್ಕಕ್ಕೆ ಸರಿಯಬೇಕು ಎನ್ನುವಷ್ಟರಲ್ಲಿ ಧರ್ಮಪಾಲ ಕೈಯಡ್ಡ ಹಿಡಿದು ವಿನಯದಿಂದ, “ಲೇಡೀಸ್ ಮುಂದೆ, ಮೇಡಂ, ಲೇಡೀಸ್ ಮುಂದೆ” ಎಂದು ಅವರನ್ನೂ ಚೌಕದೊಳಗೆ ಹತ್ತಿಸಿದ. ಗಂಡಸರು ಹಿಂದೆ, ಹೆಂಗಸರು ಮುಂದೆ, ನಡುವೆ ಒಂದು ಗೇಣು ಜಾಗ. ಮೇಡಂಗೆ ಆ ವ್ಯವಸ್ಥೆ ಹಿಡಿಸಿತೆಂದು ಕಾಣುತ್ತದೆ, ಅಲ್ಲಿ ನಿಂತಲ್ಲೇ ಏನೋ ಬರೆದುಕೊಂಡರು.

ಧರ್ಮಪಾಲ ಜನರ ನಡುವೆ ಅಡ್ಡಡ್ಡ ನುಸುಳಿ ಒಂದು ಸುತ್ತು ಬಂದ. “ಒಂದು ದೊಡ್ಡ ತಲೆ ಕಮ್ಮಿ ಉಂಟು. ಅಯ್ಯೋ, ರವೂಫಾಕ!”

ಇಬ್ಬರೂ ಸ್ಟ್ರೆಚರ್ ಹಿಡಿದು ಓಡಿ ಬಂದರು. ನಿಯಮದ ಪ್ರಕಾರ ಉರುಳಿಸಿದರು, ನಿಯಮದ ಪ್ರಕಾರ ಎತ್ತಿದರು. ತಲೆಯ ಕಡೆ ಧರ್ಮಪಾಲ, ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಇದ್ದ. ಕಾಲಿನ ಕಡೆ ಗಿಟೊಂಗಾ. ಪಾಪ, ಹೊತ್ತು ಬಾಗಿಲು ದಾಟಿಸಿದರು, ಅಂಗಳಕ್ಕೆ ತಂದರು. ಗೆದ್ದೇಬಿಟ್ಟೆವು ಎಂಬ ಹುರುಪಿನಲ್ಲಿ ಗಿಟೊಂಗಾ ಸ್ಟ್ರೆಚರಿನ ಪಟ್ಟಿಗೆ ಬೆರಳಲ್ಲೇ ಎರಡು ಬಾರಿ ತಟ್ಟಿದ. ತಟ್ಟಿದ್ದು ಕೇಳಿದ ಧರ್ಮಪಾಲ ತನಗೇ ಗೊತ್ತಿಲ್ಲದೆ ಎರಡು ಸೀಟಿ ಊದಿದ.

ಮೂರ್ಛೆ ಹೋದವನಿಗೂ ಒಂದು ಮಿತಿ ಇದೆ. ನನ್ನ ಎಡಗಾಲು ಕ್ಲಚ್ ತುಳಿಯಿತು. ಕ್ಲಚ್ ಇರಬೇಕಾದಲ್ಲಿ ಗಿಟೊಂಗಾನ ಹೊಟ್ಟೆ ಇತ್ತು. ಅವನು ‘ಹುಕ್’ ಎಂದು ಮಡಚಿಕೊಂಡ, ಸ್ಟ್ರೆಚರ್ ವಾಲಿತು, ನಾನು ಉರುಳಿಹೋಗಿ ಮೇಡಂನ ಬೂಟಿನ ಪಕ್ಕದಲ್ಲಿ, ಊರಿನ ಬಸ್ಸಿನ ಗೇರ್ ಹಾಕಲು ಎಡಗೈ ಚಾಚಿದ ಭಂಗಿಯಲ್ಲೇ ಬಿದ್ದೆ.

ಕ್ಯಾಪ್ಟನ್ ಸಾಹೇಬರು ಟೋಪಿಯಿಂದ ಮುಖ ಮುಚ್ಚಿಕೊಂಡರು.

“ಗಾಯಾಳುವನ್ನು ಹೊರುವಾಗ ಸೀಟಿ ಊದಬಾರದು” ಎಂದರು ಮೇಡಂ. “ಉಳಿದದ್ದೆಲ್ಲ ಸರಿ ಇದೆ. ಊದಿದವನು ಫೇಲ್, ಇನ್ನೊಬ್ಬ ಪಾಸ್. ನಿಮ್ಮ ಕ್ಯಾಪ್ಟನ್ ಮಾಡಿದ ಜೋಡಿ ನಿಯಮ ನನಗಿಲ್ಲ. ಯಾರು ಊದಿದ್ದು?”

ಇದು ಇಬ್ಬರಿಗೂ ಎರಡನೆಯ ಸಲ. ಫೇಲಾದವನಿಗೆ ಊರಿನ ಟಿಕೆಟ್.

“ನಾನು” ಎಂದ ಗಿಟೊಂಗಾ, ಹೊಟ್ಟೆ ಹಿಡಿದುಕೊಂಡು. ಸೀಟಿ ಇನ್ನೂ ಧರ್ಮಪಾಲನ ಬಾಯಲ್ಲೇ ಇತ್ತು.

ಧರ್ಮಪಾಲ ಕಣ್ಣರಳಿಸಿ ಅವನನ್ನು ನೋಡಿದ. ಅಲ್ಲ, ನಾನು ಎಂದು ಹೇಳಲು ಹೋದ. ಗಾಬರಿಯಲ್ಲಿ ಸೀಟಿ ತೆಗೆಯಲು ಮರೆತದ್ದರಿಂದ ಬಂದದ್ದು ‘ಪೀ’ ಮಾತ್ರ. ಮತ್ತೆ ಹೇಳಿದ, ಮತ್ತೆ ‘ಪೀ’. ಕಣ್ಣಿಂದ ನೀರು ಸುರಿಸುತ್ತ, ಎದೆ ಬಡಿದುಕೊಳ್ಳುತ್ತ, ಅವನು ಸತ್ಯವನ್ನು ಸೀಟಿಯಲ್ಲೇ ಊದಿದ.

“ಅವನು ಸುಳ್ಳು ಹೇಳುತ್ತಿದ್ದಾನೆ ಮೇಡಂ” ಎಂದ ಗಿಟೊಂಗಾ.

ಆಗ ನನಗೇನಾಯಿತೋ ತಿಳಿಯದು. ಬಿದ್ದಲ್ಲಿಂದಲೇ ಕೈಯೆತ್ತಿ, “ನಾನು ಊದಿದ್ದು” ಎಂದೆ.

“ನೀನು ಮೂರ್ಛೆ ಹೋಗಿದ್ದೀಯ” ಎಂದರು ಮೇಡಂ.

“ಹೌದು ಮೇಡಂ” ಎಂದು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟು ನೋಡಿದರೆ ಮೇಡಂ ನಮ್ಮ ಕಡೆ ಬೆನ್ನು ಮಾಡಿದ್ದರು, ಅವರ ಭುಜ ಕುಲುಕುತ್ತಿತ್ತು. ತಿರುಗಿದಾಗ ಮುಖ ಮೊದಲಿನಂತೆಯೇ ಗಟ್ಟಿಯಾಗಿತ್ತು. “ಮೂರು ಜನ ಊದಿದ ಸೀಟಿಯನ್ನು ಯಾರ ಹೆಸರಲ್ಲಿ ಬರೆಯಲಿ? ನನಗೆ ಕೇಳಿಸಲಿಲ್ಲ. ಇಬ್ಬರೂ ಪಾಸ್. ಯಲ್ಲಾ, ನಡೆಯಿರಿ, ಇನ್ನೊಂದು ಜೋಡಿ ಕರೆಯಿರಿ.”

ಆ ದಿನ ಇಡೀ ಬಸ್ಸು ಕುಣಿಯಿತು. ಮಲಯಾಳಿಗಳು ಹಾಡಿದರು, ಉಗಾಂಡದವರು ಸೀಟು ಬಡಿದರು, ನಾನು ಕೂಡ ಎರಡು ಬಾರಿ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.

ಪಾಸಾಗಬೇಕು ಎಂದು ಒದ್ದಾಡಿದ ಇಬ್ಬರೂ, ಪಾಸಾದರೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಪಾಸಾದವರನ್ನು ಡ್ಯೂಟಿಗೆ ಹಂಚುತ್ತಾರೆ. ಧರ್ಮಪಾಲನಿಗೆ ಮಿರ್ದಿಫ್‌ನ ಒಂದು ವಿಲ್ಲಾ ಕಾಲೊನಿ. ಗಿಟೊಂಗಾನಿಗೆ ಹತ್ತಾ. ಹತ್ತಾ ಹೆಸರಿಗೆ ದುಬೈಯೇ, ಆದರೆ ಇರುವುದು ಎಲ್ಲೋ ದೂರದ ಕಲ್ಲುಗುಡ್ಡಗಳ ನಡುವೆ. ವಾರದ ರಜೆಯಲ್ಲೂ ಹೋಗಿ ಬರುವಂಥ ಜಾಗವಲ್ಲ.

ಗಿಟೊಂಗಾನನ್ನು ಬಿಡಲು ಹೋದ ದಿನ ಧರ್ಮಪಾಲ ಬಸ್ಸಿನಲ್ಲಿರಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಬಂದ. ದಾರಿಯುದ್ದಕ್ಕೂ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಡ್ರೈವರುಗಳನ್ನು ಬೈಯಲಿ ಎಂದು ನಾನು ಬೇಕೆಂದೇ ಎರಡು ಉಬ್ಬುಗಳನ್ನು ಜೋರಾಗಿ ಹಾರಿಸಿದೆ, ಬೈಯಲಿಲ್ಲ.

ಗಾರ್ಡುಗಳ ಕ್ವಾರ್ಟರ್ಸ್ ಮುಂದೆ ಬಸ್ಸು ನಿಲ್ಲಿಸಿ ಬಾಗಿಲು ತೆರೆದೆ. ಗಿಟೊಂಗಾ ಬ್ಯಾಗು ಹಿಡಿದು ಮೆಟ್ಟಿಲವರೆಗೆ ಬಂದು ನಿಂತ. ಬ್ಯಾಗಿನ ಇನ್ನೊಂದು ಹಿಡಿ ಧರ್ಮಪಾಲನ ಕೈಯಲ್ಲಿತ್ತು, ಅವನು ಅದನ್ನು ಬಿಡಲಿಲ್ಲ. ಇಷ್ಟು ವರ್ಷ ಜನರನ್ನು ಅವಸರ ಮಾಡಿ, ಬೈದು, ಭುಜ ಹಿಡಿದು ಇಳಿಸಿದ ಇಬ್ಬರು ಅವರು. ಈಗ ಇಳಿ ಎಂದು ಇವನು ಹೇಳಲಿಲ್ಲ, ಅವನು ಇಳಿಯಲಿಲ್ಲ.

ಕೊನೆಗೆ ನಾನೇ ಹೇಳಬೇಕಾಯಿತು. “ಇಳಿಯಪ್ಪಾ, ಜಾಗ ಬಂತು.”

ಗಿಟೊಂಗಾ ಇಳಿದು, ತಿರುಗಿ ನೋಡದೆ ನಡೆದ. ಧರ್ಮಪಾಲ ಅವನು ಗೇಟು ದಾಟುವವರೆಗೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ ಮುಖ ಒರೆಸಿಕೊಳ್ಳುತ್ತ ಬೈದ, “ಎಂತ ಅವಸರ ಇತ್ತು ನಿಮಗೆ? ನಿಮ್ಮ ಡ್ರೈವರ್ ಬುದ್ಧಿಯೇ ಇಷ್ಟು ರವೂಫಾಕ.”

ನಾನು ಬೈಸಿಕೊಂಡೆ. ಎಂಜಿನ್ ಆಫ್ ಮಾಡಿ, ಅವನಿಗೆ ಸಮಾಧಾನವಾಗುವವರೆಗೆ ಅಲ್ಲೇ ಕೂತಿದ್ದೆವು.